ಓಟಿಪಿ ಹೇಳು ಕಂದ

2026–27ನೇ ಸಾಲಿನಿಂದ ಮೂರನೇ ತರಗತಿಯ ಮಕ್ಕಳಿಗೆ ಕೃತಕ ಬುದ್ಧಿಮತ್ತೆ ಕಲಿಸುತ್ತೇವೆ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಸಾರಿತು. ಒಂದನೇ, ಎರಡನೇ ತರಗತಿಯವರನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಆ ಮಕ್ಕಳಲ್ಲಿ ಇನ್ನೂ ಸಹಜ ಬುದ್ಧಿ ಉಳಿದಿರುತ್ತದೆ, ಎರಡು ವರ್ಷ ಶಾಲೆಯಲ್ಲಿ ಕೂರಿಸಿದರೆ ಅದು ತಾನಾಗಿ ಇಳಿಯುತ್ತದೆ, ಖಾಲಿಯಾದ ಜಾಗಕ್ಕೆ ಕೃತಕವಾದದ್ದನ್ನು ತುಂಬುವುದು ಸುಲಭ ಎಂಬ ಲೆಕ್ಕಾಚಾರ ಇದ್ದರೂ ಇರಬಹುದು.

ಯಾರೂ ಗಾಬರಿಯಾಗಬೇಕಿಲ್ಲ. ಶಾಲೆಗೆ ಕಂಪ್ಯೂಟರ್ ತರುವ ವಿದ್ಯೆಯಲ್ಲಿ ನಮಗೆ ನಲವತ್ತು ವರ್ಷದ ಪಳಗಿಕೆ ಇದೆ. 1984–85ರಲ್ಲೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಹೂಡಿ, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಇಂಗ್ಲೆಂಡಿನ ಕಂಪ್ಯೂಟರುಗಳನ್ನು ತರಿಸಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪಾಠವನ್ನು ಬಾನಿನಿಂದ ಇಳಿಸಿಕೊಳ್ಳುವ ಭಾಗ್ಯ ಮೊದಮೊದಲು ದಕ್ಕಿದವರಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಯ ಮಕ್ಕಳೂ ಇದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರದ ‘ಐಸಿಟಿ’ ಯೋಜನೆ. ರಾಜ್ಯದ ಪಾಲಿಗೆ ‘ಮಾಹಿತಿ ಸಿಂಧು’. 2011ರ ಅಕ್ಟೋಬರ್‌ನಲ್ಲಿ ‘ಆಕಾಶ್’ ಟ್ಯಾಬ್ಲೆಟ್. ಆಮೇಲೆ ‘ಟಾಲ್ಪ್’, ‘ದೀಕ್ಷಾ’, ‘ನಿಷ್ಠಾ’, ಸ್ಮಾರ್ಟ್ ಕ್ಲಾಸು. ಸಿಂಧು, ಆಕಾಶ, ದೀಕ್ಷೆ, ನಿಷ್ಠೆ ಎಲ್ಲ ಆಯಿತು. ಹೆಸರಿಡುವ ವಿಭಾಗಕ್ಕೆ ಮಾತ್ರ ಈ ನಲವತ್ತು ವರ್ಷದಲ್ಲಿ ಒಂದು ದಿನವೂ ಸರ್ವರ್ ಡೌನ್ ಆಗಿಲ್ಲ.

ಹೆಸರು ಬದಲಾದರೂ ಕಾರ್ಯಕ್ರಮ ಪಟ್ಟಿ ಬದಲಾಗುವುದಿಲ್ಲ. ಪೆಟ್ಟಿಗೆ ಬರುತ್ತದೆ. ಶಾಮಿಯಾನ ಬರುತ್ತದೆ. ಮಕ್ಕಳು ಬಿಸಿಲಲ್ಲಿ ಕೂತು ಸ್ವಾಗತಗೀತೆ ಹಾಡುತ್ತಾರೆ. ಜನಪ್ರತಿನಿಧಿಗಳು ಟೇಪು ಕತ್ತರಿಸಿ, ಮೌಸ್ ಹಿಡಿದು, ಪರದೆಯ ಕಡೆ ನೋಡದೆ ಕ್ಯಾಮೆರಾದ ಕಡೆ ನೋಡುತ್ತಾರೆ. ಪರದೆಯಲ್ಲಿ ನೋಡಲು ಏನೂ ಇರುವುದಿಲ್ಲ, ಕರೆಂಟ್ ಹೋಗಿರುತ್ತದೆ. ಫೋಟೋದಲ್ಲಿ ಕರೆಂಟ್ ಕಾಣುವುದಿಲ್ಲವಾದ್ದರಿಂದ ಉದ್ಘಾಟನೆ ಸಾಂಗವಾಗಿ ನೆರವೇರುತ್ತದೆ. ‘ಗ್ರಾಮೀಣ ಮಕ್ಕಳು ಜಾಗತಿಕ ಮಟ್ಟದಲ್ಲಿ ಸ್ಪರ್ಧಿಸಬೇಕು’ ಎಂಬ ಮಾತು ಮೈಕಿನಲ್ಲಿ ಕೇಳಿಬರುತ್ತದೆ. ಮೈಕು ಜನರೇಟರಿನದು.

ಪೆಟ್ಟಿಗೆ ಬಿಚ್ಚಿದ ಮೇಲೆ ಅದು ಸೇರುವ ಕೋಣೆಯನ್ನು ಒಮ್ಮೆ ನೋಡಬೇಕು. ಹಳೇ ಮೈಸೂರು ಕಡೆಯ ಯಾವುದಾದರೂ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಇಡೀ ಕಟ್ಟಡದಲ್ಲಿ ಸೋರದೇ ಇರುವ ಒಂದೇ ಕೋಣೆ ಕಂಪ್ಯೂಟರಿಗೆ ಮೀಸಲು. ಸೋರುವ ಕೋಣೆಗಳಲ್ಲಿ ಮಕ್ಕಳು. ಮಕ್ಕಳು ನೆಂದರೆ ಒಣಗುತ್ತಾರೆ, ಕಂಪ್ಯೂಟರ್ ನೆಂದರೆ ಆಡಿಟ್ ಆಗುತ್ತದೆ. ಕಿಟಕಿಗೆ ಗ್ರಿಲ್ಲು, ಬಾಗಿಲಿಗೆ ಎರಡು ಬೀಗ. ಒಳಗೆ ಮಾನಿಟರುಗಳು ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದ್ದು ಮಲಗಿವೆ. ಸಿಪಿಯು ಡಬ್ಬದ ನೆತ್ತಿಯ ಮೇಲೆ ಆಯುಧಪೂಜೆಯ ಕುಂಕುಮ ಒಣಗಿದೆ. ಭದ್ರವಾದ ಕೋಣೆ ಅದೊಂದೇ ಆದ್ದರಿಂದ ಬಿಸಿಯೂಟದ ಅಕ್ಕಿ, ಬೇಳೆಯ ಮೂಟೆಗಳೂ ಅಲ್ಲೇ ಒರಗಿವೆ. ಅಕ್ಕಿಗೆಂದು ಬಂದ ಇಲಿಗಳು ಬಾಯಿ ರುಚಿಗೆ ಕೇಬಲ್ಲನ್ನೂ ಕಡಿದಿವೆ. ಆ ಶಾಲೆಯಲ್ಲಿ ಕಂಪ್ಯೂಟರಿನ ಜೊತೆ ನಿತ್ಯದ ಒಡನಾಟ ಇಟ್ಟುಕೊಂಡಿರುವುದು ಅವು ಮಾತ್ರ.

ಹೆಡ್‌ಮೇಡಂ ಅವರನ್ನು ಮಾತಾಡಿಸಿ.

“ಮಕ್ಕಳಿಗೆ ಕಂಪ್ಯೂಟರ್ ಕ್ಲಾಸು ಯಾವತ್ತು ಮೇಡಂ?”

“ಶುಕ್ರವಾರ ಕೊನೇ ಪೀರಿಯಡ್ಡು ಸಾರ್.”

“ಇವತ್ತು ಶುಕ್ರವಾರವೇ ಅಲ್ವಾ?”

“ಹೌದು ಸಾರ್. ಯುಪಿಎಸ್ ಬ್ಯಾಟರಿ ಹೋಗಿದೆ. ಬಿಇಒ ಆಫೀಸಿಗೆ ಬರೆದಿದ್ದೀವಿ.”

“ಯಾವಾಗ ಬರೆದದ್ದು?”

“ಹಿಂದಿನ ಹೆಡ್‌ಮಾಸ್ಟರು ಇದ್ದಾಗ.”

“ಅವರೀಗ ಎಲ್ಲಿದ್ದಾರೆ?”

“ರಿಟೈರ್ ಆದ್ರು ಸಾರ್. ಪೆನ್ಷನ್ ಸ್ಯಾಂಕ್ಷನ್ ಆಯ್ತು. ಬ್ಯಾಟರಿ ಇನ್ನೂ ಆಗಿಲ್ಲ.”

ಹೆಡ್‌ಮೇಡಂ ಮೇಲೆ ಸಿಟ್ಟಾಗಬೇಡಿ. ದಾಸ್ತಾನು ವಹಿಯಲ್ಲಿ ಆ ಕಂಪ್ಯೂಟರುಗಳ ಎದುರಿಗೆ ಇರುವುದು ಅವರ ಸಹಿ. ಕಳುವಾದರೆ ಪೊಲೀಸ್ ಸ್ಟೇಷನ್ನಿಗೆ ಅಲೆಯುವವರು ಅವರು, ಸಂಬಳದಲ್ಲಿ ಕಟಾವಾದೀತೆಂದು ನಿದ್ದೆಗೆಡುವವರೂ ಅವರೇ. ಮಗುವೊಂದು ಕೀಬೋರ್ಡಿಗೆ ನೀರು ಚೆಲ್ಲಿದರೆ ವಿವರಣೆ ಬರೆದುಕೊಡಬೇಕಾದವರೂ ಅವರು. ಅದೇ ಯಂತ್ರವನ್ನು ಯಾರೂ ಮುಟ್ಟದೆ ಹತ್ತು ವರ್ಷ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಯಾವ ನೋಟಿಸೂ ಬರುವುದಿಲ್ಲ. ‘ದಾಸ್ತಾನು ಸರಿಯಿದೆ’ ಎಂದು ಪರಿವೀಕ್ಷಣಾ ಪುಸ್ತಕದಲ್ಲಿ ಶಹಬ್ಬಾಸ್‌ಗಿರಿ ಬೇರೆ ಸಿಗುತ್ತದೆ. ಮುಟ್ಟಿದರೆ ದಂಡ, ಮುಟ್ಟದಿದ್ದರೆ ಮೆಚ್ಚುಗೆ ಎಂಬ ನಿಯಮವನ್ನು ನಾವೇ ಮಾಡಿಟ್ಟು, ‘ಶಿಕ್ಷಕರಿಗೆ ತಂತ್ರಜ್ಞಾನದಲ್ಲಿ ಆಸಕ್ತಿ ಕಡಿಮೆ’ ಎಂದು ಕಾರ್ಯಾಗಾರದಲ್ಲಿ ನಾವೇ ಮರುಗುತ್ತೇವೆ. ಕಾರ್ಯಾಗಾರದಲ್ಲಿ ಊಟ ಚೆನ್ನಾಗಿರುತ್ತದೆ.

ಮಕ್ಕಳಿಗೆ ಮುಟ್ಟಲು ಬಿಟ್ಟರೆ ಏನಾಗುತ್ತದೆ ಎಂದು 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತಾ ಮಿತ್ರಾ ಎಂಬವರು ಒಂದು ಪ್ರಯೋಗ ಮಾಡಿದರು. ತಮ್ಮ ಕಚೇರಿಯ ಗೋಡೆಗೆ ತೂತು ಕೊರೆಸಿ, ಕಂಪ್ಯೂಟರಿನ ಮುಖವನ್ನು ಆಚೆಯ ಕೊಳೆಗೇರಿಯ ಕಡೆ ತಿರುಗಿಸಿ ಬಿಟ್ಟುಬಿಟ್ಟರು. ಮೇಷ್ಟ್ರಿಲ್ಲ, ಪುಸ್ತಕವಿಲ್ಲ, ಬೀಗವಿಲ್ಲ. ಮಕ್ಕಳು ಗುಂಪುಗೂಡಿ, ಒಬ್ಬರನ್ನೊಬ್ಬರು ತಳ್ಳಾಡಿ, ಒಬ್ಬರಿಗೊಬ್ಬರು ಹೇಳಿಕೊಟ್ಟು ಅದನ್ನು ಓಡಿಸುವುದು ಕಲಿತುಬಿಟ್ಟರು. ಆ ಪ್ರಯೋಗದ ಬಗ್ಗೆ ತಕರಾರುಗಳೂ ಇವೆ. ಮೇಷ್ಟ್ರೇ ಬೇಡ ಎನ್ನುವಷ್ಟು ಅದನ್ನು ಎಳೆಯಬಾರದು ಎಂದವರಿದ್ದಾರೆ. ನಮ್ಮ ಇಲಾಖೆಗೆ ಆ ಚರ್ಚೆಯ ಗೊಡವೆ ಬೇಡವಾಯಿತು. ಗೋಡೆಯಲ್ಲಿ ತೂತು ಎಂದು ಓದಿದ್ದೇ ತಡ, ತೂತು ಮುಚ್ಚಿಸಿ ಗ್ರಿಲ್ ಹಾಕಿಸಲು ಅಂದಾಜು ಪಟ್ಟಿ ಸಿದ್ಧವಾಯಿತು.

ಯಂತ್ರ ಬೀಗದೊಳಗಿದ್ದ ಮಾತ್ರಕ್ಕೆ ಪಾಠ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಕಂಪ್ಯೂಟರ್ ಎಂಬುದು ನಮ್ಮಲ್ಲಿ ಬಾಯಿಪಾಠದ ವಿಷಯ. ‘ಕಂಪ್ಯೂಟರಿನ ಪಿತಾಮಹ ಯಾರು?’ ‘ಚಾರ್ಲ್ಸ್ ಬ್ಯಾಬೇಜ್.’ ‘ಸಿಪಿಯು ವಿಸ್ತರಿಸಿ.’ ‘ಇನ್‌ಪುಟ್ ಸಾಧನಗಳಿಗೆ ಎರಡು ಉದಾಹರಣೆ ಕೊಡಿ.’ ಮಗು ಕೊಡುತ್ತದೆ. ಎರಡು ಅಂಕ ಬರುತ್ತದೆ. ಪಟ್ಟಣದ ಕಾನ್ವೆಂಟುಗಳಲ್ಲಿ ಇದಕ್ಕೆ ಪ್ರತ್ಯೇಕ ನೋಟ್‌ಬುಕ್ಕು, ಪ್ರತ್ಯೇಕ ಫೀಸು. ಎರಡನೇ ತರಗತಿಯ ಮಗು ಮಾನಿಟರಿನ ಚಿತ್ರ ಬರೆದು ನೀಲಿ ಬಣ್ಣ ತುಂಬಿ, ಅಮ್ಮನಿಂದ ಗೆರೆ ತಿದ್ದಿಸಿಕೊಂಡು, ‘ವೆರಿ ಗುಡ್’ ಪಡೆದು ಬರುತ್ತದೆ. ಅದೇ ಮಗು ಅದೇ ಸಂಜೆ ಅಪ್ಪನ ಫೋನಿನ ಲಾಕ್ ತೆಗೆದು, ಜಾಹೀರಾತು ದಾಟಿಸಿ, ತನಗೆ ಬೇಕಾದ ವಿಡಿಯೋ ಹುಡುಕಿ, ಚಾರ್ಜು ಖಾಲಿಯಾಗುವವರೆಗೆ ನೋಡುತ್ತದೆ. ಅದಕ್ಕೆ ಅಂಕ ಇಲ್ಲ.

ಘಾನಾ ದೇಶದ ರಿಚರ್ಡ್ ಅಪ್ಪಿಯಾ ಅಕೋಟೊ ಎಂಬ ಮೇಷ್ಟ್ರ ಫೋಟೋ 2018ರಲ್ಲಿ ಲೋಕವೆಲ್ಲ ಸುತ್ತಿತು. ಅವರ ಶಾಲೆಯಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ, ಪರೀಕ್ಷೆಯಲ್ಲಿ ಮಾತ್ರ ಕಂಪ್ಯೂಟರ್ ವಿಷಯ ಇತ್ತು. ಆತ ಬಣ್ಣದ ಸೀಮೆಸುಣ್ಣದಲ್ಲಿ ಮೈಕ್ರೋಸಾಫ್ಟ್ ವರ್ಡ್‌ನ ಪರದೆಯನ್ನು ಕಪ್ಪುಹಲಗೆಯ ಮೇಲೆ ಗುಂಡಿ ಗುಂಡಿಯಾಗಿ ಬರೆದು ಪಾಠ ಮಾಡಿದರು. ಮೈಕ್ರೋಸಾಫ್ಟ್ ಅವರನ್ನು ಸಿಂಗಪುರಕ್ಕೆ ಕರೆಸಿ ಗೌರವಿಸಿತು, ಶಾಲೆಗೆ ಕಂಪ್ಯೂಟರುಗಳು ಬಂದವು. ಕರ್ನಾಟಕದಲ್ಲೂ ಹಲಗೆಯ ಮೇಲೆ ಕೀಬೋರ್ಡ್ ಬರೆಯುವ ಮೇಷ್ಟ್ರುಗಳಿಗೆ ಕೊರತೆಯಿಲ್ಲ. ಅಕೋಟೊ ಕಂಪ್ಯೂಟರ್ ಇಲ್ಲದ್ದಕ್ಕೆ ಬರೆದರು, ನಮ್ಮವರು ಪಕ್ಕದ ಕೋಣೆಯಲ್ಲಿ ಇರುವುದಕ್ಕೆ ಬರೆಯುತ್ತಾರೆ. ಸಿಂಗಪುರದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ.

ಹಾಗಾದರೆ ಪ್ರಾಥಮಿಕ ಶಾಲೆಯಲ್ಲಿ ಡಿಜಿಟಲ್ ಕ್ರಾಂತಿ ಆಗಲೇ ಇಲ್ಲ ಎನ್ನಬಹುದೇ? ಆಗಿದೆ, ಹೆಡ್‌ಮೇಡಂ ಅವರ ಸ್ವಂತ ಮೊಬೈಲಿನಲ್ಲಿ ಆಗಿದೆ. ಸ್ವಂತ ದುಡ್ಡಿನ ರೀಚಾರ್ಜಿನಲ್ಲಿ ಆಗಿದೆ. ಬೆಳಿಗ್ಗೆ ಹಾಜರಾತಿ ಇಲಾಖೆಯ ‘ಸ್ಯಾಟ್ಸ್’ ಪೋರ್ಟಲ್ಲಿಗೆ ಹೋಗಬೇಕು. ಮಧ್ಯಾಹ್ನ ಎಷ್ಟು ಮಕ್ಕಳು ಉಂಡರು, ಎಷ್ಟು ಮಕ್ಕಳು ಹಾಲು ಕುಡಿದರು, ಎಷ್ಟು ಮಂದಿಗೆ ಮೊಟ್ಟೆ, ಎಷ್ಟು ಮಂದಿಗೆ ಬಾಳೆಹಣ್ಣು ಎಂಬ ಲೆಕ್ಕ ಹೋಗಬೇಕು. ಶಾಲೆಗಳ ಅಂಕಿಅಂಶ ಕಲೆಹಾಕುವ ‘ಯು-ಡೈಸ್’ ತುಂಬಬೇಕು. ‘ದೀಕ್ಷಾ’ದಲ್ಲಿ ತಮ್ಮದೇ ತರಬೇತಿ ಮುಗಿಸಿ ಸರ್ಟಿಫಿಕೇಟ್ ಇಳಿಸಿಕೊಳ್ಳಬೇಕು. ಸಿಆರ್‌ಪಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹನ್ನೊಂದು ಗಂಟೆಗೆ ‘ತುರ್ತು’ ಎಂದು ಒಂದು ನಮೂನೆ ಹಾಕುತ್ತಾರೆ. ಹನ್ನೊಂದೂವರೆಗೆ ‘ಅತಿ ತುರ್ತು’. ಹನ್ನೆರಡಕ್ಕೆ ‘ಇನ್ನೂ ಕಳಿಸದ ಶಾಲೆಗಳ ಪಟ್ಟಿ’. ಆ ಪಟ್ಟಿಯಲ್ಲಿ ಹೆಸರು ಬರಬಾರದೆಂದು ಮೇಡಂ ಗಣಿತದ ಪಾಠ ಅರ್ಧಕ್ಕೆ ಬಿಟ್ಟು, ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತಿದ್ದಾರೆ. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದಾರೆ. ಯು-ಡೈಸ್‌ನ 2024–25ರ ಲೆಕ್ಕದ ಪ್ರಕಾರ ದೇಶದಲ್ಲಿ ಒಂದೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು. ಅಂಥ ಶಾಲೆಯಲ್ಲಿ ಮೇಷ್ಟ್ರು ಟ್ಯಾಂಕಿನ ಹತ್ತಿರ ಹೋದರೆ ಇಡೀ ಶಾಲೆ ಟ್ಯಾಂಕಿನ ಹತ್ತಿರ ಹೋದಂತೆಯೇ.

ಈ ಲೆಕ್ಕಗಳಿಂದ ಒಂದು ಚೆಂದದ ಅಂಕಿ ಹುಟ್ಟುತ್ತದೆ. ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇದೆ, ಶೇ 53.9ರಷ್ಟರಲ್ಲಿ ಇಂಟರ್‌ನೆಟ್ ಇದೆ ಎಂದಿತು 2023–24ರ ಯು-ಡೈಸ್ ವರದಿ. ಮರುವರ್ಷ ಎರಡೂ ಇನ್ನಷ್ಟು ಏರಿದವು. ‘ಇದೆ’ ಎಂಬುದು ಸರ್ಕಾರಿ ಕನ್ನಡದಲ್ಲಿ ಬಹಳ ಉದಾರವಾದ ಕ್ರಿಯಾಪದ. ಅಕ್ಕಿ ಮೂಟೆಯ ಹಿಂದೆ ಪ್ಲಾಸ್ಟಿಕ್ ಹೊದ್ದವೂ ಅದರೊಳಗೆ ಆರಾಮವಾಗಿ ಹಿಡಿಸುತ್ತವೆ. ಒಂದು ವರ್ಷದಲ್ಲಿ ಒಂದು ಮಗು ಎಷ್ಟು ನಿಮಿಷ ಕೀಬೋರ್ಡಿನ ಮೇಲೆ ಕೈಯಿಟ್ಟಿತು ಎಂಬ ಅಂಕಿ ಆ ಲೆಕ್ಕಗಳಲ್ಲಿ ಕಾಣುವುದಿಲ್ಲ. ಪೆಟ್ಟಿಗೆ ಎಣಿಸುವುದು ಸುಲಭ, ಅದು ಎಣಿಸುವಾಗ ಅಲ್ಲಾಡುವುದಿಲ್ಲ.

ಪೆಟ್ಟಿಗೆ ಎಣಿಸಿ ಸಮಾಧಾನಪಡುವುದರಲ್ಲಿ ನಾವೇ ಮೊದಲಿಗರೂ ಅಲ್ಲ. ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂಬ ಜಾಗತಿಕ ಉತ್ಸಾಹದಲ್ಲಿ ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಹಸಿರು–ಬಿಳಿ ಲ್ಯಾಪ್‌ಟಾಪುಗಳನ್ನು ಶಾಲೆಗಳಿಗೆ ಹಂಚಿತು. 2012ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕು ಅಲ್ಲಿನ ಹಳ್ಳಿಶಾಲೆಗಳಲ್ಲಿ ಪರೀಕ್ಷಿಸಿ ನೋಡಿದಾಗ ಮಕ್ಕಳ ಗಣಿತ, ಭಾಷೆಯ ಅಂಕಗಳು ಇದ್ದಲ್ಲೇ ಇದ್ದವು. ಪೆರುವಿನವರು ಕೊನೇಪಕ್ಷ ಪರೀಕ್ಷಿಸಿ ನೋಡಲು ಬಿಟ್ಟರು. ನಮ್ಮಲ್ಲಿ ಉದ್ಘಾಟನೆಯೇ ಮೌಲ್ಯಮಾಪನ.

ಈಗ ಹೆಡ್‌ಮೇಡಂ ಅವರ ಮೊಬೈಲಿಗೆ ಮರಳೋಣ. ನಿಜವಾದ ಡಿಜಿಟಲ್ ಕಲಿಕೆ ನಡೆಯುವುದು ಅಲ್ಲಿ. ಐದನೇ ತರಗತಿಯ ಲಕ್ಷ್ಮಿಗೆ ‘ಅಪಾರ್’ ಗುರುತಿನ ಸಂಖ್ಯೆ ಆಗಬೇಕು. ಆಧಾರಿನಲ್ಲಿ ಅವಳ ಹೆಸರು ಇಂಗ್ಲಿಷಿನ ‘ಎಕ್ಸ್’ ಅಕ್ಷರದಲ್ಲಿದೆ, ಶಾಲೆಯ ದಾಖಲಾತಿಯಲ್ಲಿ ‘ಕೆ, ಎಸ್, ಎಚ್’ನಲ್ಲಿದೆ. ಪೋರ್ಟಲ್ಲಿನ ಪ್ರಕಾರ ಇವರು ಇಬ್ಬರು. ಒಬ್ಬಳೇ ಲಕ್ಷ್ಮಿ ಮೇಡಂ ಎದುರಿಗೆ ನಿಂತು ಜಡೆ ತಿರುವುತ್ತಿದ್ದಾಳೆ, ಅದು ಪುರಾವೆ ಅಲ್ಲ. ಅವಳಪ್ಪ ಹೋಬಳಿ ಕೇಂದ್ರಕ್ಕೆ ಹೋಗಿ ಆಧಾರ್ ತಿದ್ದಿಸಿಕೊಂಡು ಬರಬೇಕು. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದು, ಟೋಕನ್ ಮುಗಿದಿದೆ ಎನ್ನಿಸಿಕೊಂಡು ಹೋಗಿದ್ದಾನೆ. ಕನ್ನಡದಲ್ಲಿ ಒಂದೇ ರೀತಿ ಬರೆಯಬಹುದಾದ ಹೆಸರು ಕನ್ನಡ ನಾಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಾಗುಣಿತದ ತಪ್ಪಿಗೆ ಸಿಕ್ಕಿ ಒದ್ದಾಡುತ್ತಿದೆ.

ಆಮೇಲೆ ವಿದ್ಯಾರ್ಥಿವೇತನದ ಅರ್ಜಿ. ಅದಕ್ಕೊಂದು ಓಟಿಪಿ. ಓಟಿಪಿ ಹೋಗುವುದು ಅಪ್ಪನ ಫೋನಿಗೆ. ಆಗ ಮೇಡಂ ಲಕ್ಷ್ಮಿಯ ಕೈಗೆ ತಮ್ಮ ಫೋನು ಕೊಡುತ್ತಾರೆ.

“ಅಪ್ಪಾ, ನಿನ್ ಫೋನಿಗೆ ಒಂದು ನಂಬರ್ ಬಂದಿರ್ತದೆ, ಬೇಗ ಹೇಳಪ್ಪಾ, ಮಿಸ್ ಕಾಯ್ತಾವ್ರೆ.”

“ಅದನ್ನ ಯಾರ್ಗೂ ಹೇಳ್ಬ್ಯಾಡಿ ಅಂತ ಬರ್ದೈತಲ್ಲವ್ವಾ?”

“ಅಯ್ಯೋ, ಎಲ್ಲರ್ಗೂ ಹಂಗೇ ಬರ್ದಿರ್ತದೆ, ಹೇಳಪ್ಪಾ, ಟೈಮ್ ಆಗೋಯ್ತದೆ!”

ಅಪ್ಪ ಹೇಳುತ್ತಾನೆ. ಮಿಸ್ ಬರೆದುಕೊಳ್ಳುತ್ತಾರೆ. ಪೋರ್ಟಲ್ಲು ತೃಪ್ತವಾಗುತ್ತದೆ. ಹೀಗೆ ಹತ್ತು ವರ್ಷದ ಲಕ್ಷ್ಮಿ ಸರ್ಕಾರಿ ಶಾಲೆಯಲ್ಲಿ ತನ್ನ ಮೊದಲ ಡಿಜಿಟಲ್ ಕೌಶಲವನ್ನು ಕಲಿತಳು: ಯಾರಿಗೂ ಹೇಳಬೇಡಿ ಎಂದು ಬರೆದದ್ದನ್ನು ಅವಸರದಲ್ಲಿ ಹೇಳಿಸುವುದು. ಬ್ಯಾಂಕುಗಳು, ರಿಸರ್ವ್ ಬ್ಯಾಂಕು, ಸೈಬರ್ ಪೊಲೀಸರು ಕೋಟಿಗಟ್ಟಲೆ ಸುರಿದು ‘ಓಟಿಪಿ ಯಾರಿಗೂ ಕೊಡಬೇಡಿ’ ಎಂದು ಒಂದು ಕಾಲಕ್ಕೆ ಫೋನಿನ ಕಾಲರ್‌ಟ್ಯೂನಿನೊಳಗೂ ನುಸುಳಿ, ಇಂದಿಗೂ ಸಾರುತ್ತಿರುವಾಗ, ಎದುರು ಪಾಠ ಪುಕ್ಕಟೆಯಾಗಿ, ಅಭ್ಯಾಸ ಸಮೇತ, ಮನೆಮಂದಿಯನ್ನೂ ಸೇರಿಸಿಕೊಂಡು ಶಾಲೆಯಲ್ಲಿ ನಡೆಯುತ್ತಿದೆ. ನಾಳೆ ಯಾವನೋ ವಂಚಕ ಬ್ಯಾಂಕ್ ಮ್ಯಾನೇಜರ್ ಎಂದು ಹೇಳಿಕೊಂಡು ಲಕ್ಷ್ಮಿಯ ಅಪ್ಪನಿಗೆ ಫೋನ್ ಮಾಡಿದರೆ, ಅವನು ಮಾಡಬೇಕಾದ ಕಷ್ಟದ ಕೆಲಸವೆಲ್ಲ ಮುಗಿದಿರುತ್ತದೆ.

ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞರು ಮಕ್ಕಳಿಗೆಂದೇ 1967ರಲ್ಲಿ ‘ಲೋಗೋ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಗೆಳೆಯರೊಂದಿಗೆ ರೂಪಿಸಿದರು. ಕಂಪ್ಯೂಟರ್ ಹೇಳಿದಂತೆ ಮಗು ಕುಣಿಯುವುದು ಬೇಡ, ಮಗು ಹೇಳಿದಂತೆ ಕಂಪ್ಯೂಟರ್ ಕುಣಿಯಲಿ ಎಂಬುದು 1980ರ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ತಿರುಳು. ಪ್ಯಾಪರ್ಟ್ ನಮ್ಮ ಇಲಾಖೆಯನ್ನು ನೋಡಿರಲಿಲ್ಲ. ನೋಡಿದ್ದರೆ ಮೂರನೆಯ ದಾರಿಯೂ ಉಂಟು ಎಂದು ಅವರಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಪೋರ್ಟಲ್ಲು ಹೇಳಿದಂತೆ ಹೆಡ್‌ಮೇಡಂ ಕುಣಿಯುತ್ತಾರೆ, ಮೇಡಂ ಹೇಳಿದಂತೆ ಮಗು ಫೋನ್ ಹಿಡಿಯುತ್ತದೆ. ಮಗುವಿನ ಹೆಸರು, ಜಾತಿ, ಆದಾಯ, ತೂಕ, ಎತ್ತರ, ಹಾಜರಾತಿ, ಉಂಡದ್ದು, ಬಿಟ್ಟದ್ದು ಎಲ್ಲ ಕಂಪ್ಯೂಟರಿಗೆ ಗೊತ್ತು. ಕಂಪ್ಯೂಟರಿನ ಬಗ್ಗೆ ಮಗುವಿಗೆ ಗೊತ್ತಿರುವುದು ಬ್ಯಾಬೇಜ್ ಅದರ ಪಿತಾಮಹ ಎಂಬುದೊಂದೇ. ಮಗುವಿಗೆ ಕಂಪ್ಯೂಟರ್ ಕಲಿಸುತ್ತೇವೆಂದು ಹೊರಟು ಕಂಪ್ಯೂಟರಿಗೆ ಮಗುವನ್ನು ಕಲಿಸಿ ಮುಗಿಸಿದ್ದೇವೆ.

ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವವರೆಗೆ ಮಕ್ಕಳೇನೂ ಕಾದಿಲ್ಲ. ‘ಅಸರ್’ 2024ರ ವರದಿಯಂತೆ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿ ಬಳಸಿದೆವು ಎಂದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದೆವು ಎಂದವರು ಶೇ 76. ರೀಲ್ಸ್‌ಗೆ ಪಠ್ಯಪುಸ್ತಕ ಇಲ್ಲ, ಶಿಕ್ಷಕರ ತರಬೇತಿ ಇಲ್ಲ, ಕಲಿಕಾ ಫಲ ಇಲ್ಲ, ಉದ್ಘಾಟನೆಯೂ ಇಲ್ಲ. ಆದ್ದರಿಂದಲೇ ಮಕ್ಕಳು ಅದನ್ನು ಚೆನ್ನಾಗಿ ಕಲಿತಿದ್ದಾರೆ. ಹಾಗಾಗಿ ಎಳೆಯರನ್ನು ರೀಲ್ಸ್‌ನಿಂದ ಬಿಡಿಸಬೇಕು ಎನ್ನುವ ಪೋಷಕರಿಗೆ ನನ್ನದೊಂದು ಸಲಹೆ. ಅದನ್ನು ಪಠ್ಯಕ್ರಮಕ್ಕೆ ಸೇರಿಸಲು ಒತ್ತಾಯಿಸಿ. ‘ರೀಲ್ಸ್‌ನ ಲಕ್ಷಣಗಳನ್ನು ಪಟ್ಟಿ ಮಾಡಿ’ ಎಂದು ಐದು ಅಂಕದ ಪ್ರಶ್ನೆ ಬಂದ ವರ್ಷವೇ ಮಕ್ಕಳು ಅದರ ತಂಟೆ ಬಿಡುತ್ತಾರೆ.

ಪೇಟೆಯ ಪೋಷಕರ ಸಂಕಟವೇ ಬೇರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಒಂದು ಕೋಡಿಂಗ್ ಕಂಪನಿಯ ಜಾಹೀರಾತಿನಲ್ಲಿ ವುಲ್ಫ್ ಗುಪ್ತಾ ಎಂಬ ಬಾಲಕ ಕಾಣಿಸಿಕೊಂಡ. ಕೋಡಿಂಗ್ ಕಲಿತು ಕೋಟಿಗಟ್ಟಲೆ ಸಂಬಳದ ಕೆಲಸ ಗಿಟ್ಟಿಸಿದ ಪೋರ. ಅವನ ವಯಸ್ಸು ಜಾಹೀರಾತಿನಿಂದ ಜಾಹೀರಾತಿಗೆ ಬದಲಾಗುತ್ತಿತ್ತು. ಅಂಥ ಹುಡುಗನೇ ಇಲ್ಲ ಎಂದು ಕೊನೆಗೆ ತಿಳಿಯಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಹುಡುಗರು ಇಲ್ಲದ ಹುಡುಗನ ಹೋಲಿಕೆಗೆ ಸಿಕ್ಕಿ ಬೈಸಿಕೊಂಡಾಗಿತ್ತು. ಅದೇ ಹೊತ್ತಿನಲ್ಲಿ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು ‘ವಿದ್ಯಾಗಮ’ದ ಹೆಸರಿನಲ್ಲಿ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಅರಳಿಕಟ್ಟೆಗೆ ಲಾಗಿನ್ ಬೇಕಿರಲಿಲ್ಲ ಎಂಬುದನ್ನು ಯಾವ ವರದಿಯೂ ಸಾಧನೆ ಎಂದು ಬರೆದುಕೊಳ್ಳಲಿಲ್ಲ.

ಇಷ್ಟೆಲ್ಲ ಆಡಿಕೊಳ್ಳುವವನಿಗೆ ದಾರಿ ಗೊತ್ತಿದೆಯೇ ಎಂದು ಓದುಗರು ಕೇಳಬಹುದು. ದಾರಿ ನ್ಯೂಜಿಲೆಂಡಿನಲ್ಲಿದೆ, ಅದಕ್ಕಿಂತ ಹತ್ತಿರ ನಮ್ಮಜ್ಜಿಯ ಅಟ್ಟದ ಮೇಲೂ ಇದೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನವನ್ನು ಕಂಪ್ಯೂಟರೇ ಇಲ್ಲದೆ ಕಲಿಸುವ ಆಟಗಳನ್ನು ಕಟ್ಟಿದ್ದಾರೆ. ಐದು ರಟ್ಟಿನ ಚೀಟಿ ಸಾಕು. ಒಂದರ ಮೇಲೆ 1 ಚುಕ್ಕಿ, ಮುಂದಿನದರ ಮೇಲೆ 2, ಆಮೇಲೆ 4, 8, 16. ಐದು ಮಕ್ಕಳು ಸಾಲಾಗಿ ನಿಂತು ಚೀಟಿ ತೋರಿಸಬೇಕು ಇಲ್ಲವೇ ಮರೆಮಾಡಬೇಕು. ಹನ್ನೊಂದು ಎಂದರೆ 8, 2, 1 ಹಿಡಿದವರು ತೋರಿಸುತ್ತಾರೆ, ಉಳಿದಿಬ್ಬರು ಬೆನ್ನಿಗೆ ಬಚ್ಚಿಡುತ್ತಾರೆ. ಸೊನ್ನೆಯಿಂದ ಮೂವತ್ತೊಂದರವರೆಗೆ ಯಾವ ಸಂಖ್ಯೆ ಕೂಗಿದರೂ ಅದನ್ನು ಮಾಡಲು ಒಂದೇ ಒಂದು ರೀತಿ ಇದೆ ಎಂಬುದನ್ನು ಮಕ್ಕಳೇ ಕಂಡುಹಿಡಿದು ಕಿರುಚುತ್ತಾರೆ. ಯಂತ್ರದೊಳಗೆ ನಡೆಯುವುದೂ ಇದೇ ತೋರಿಸು–ಬಚ್ಚಿಡು ಆಟ.

ನಮ್ಮಜ್ಜಿಯ ಕಾಲದ ಅಳತೆಗಳನ್ನು ನೆನಪಿಸಿಕೊಳ್ಳಿ. ಚಟಾಕು, ಎರಡು ಚಟಾಕಿಗೆ ಅರೆಪಾವು, ನಾಲ್ಕಕ್ಕೆ ಪಾವು, ಎಂಟಕ್ಕೆ ಅರ್ಧ ಸೇರು, ಹದಿನಾರಕ್ಕೆ ಸೇರು. ಚೀಟಿಗಳ ಮೇಲಿನ ಚುಕ್ಕಿಗಳೂ ಇವೇ. ಐದು ಅಳತೆ ಇದ್ದರೆ ಮೂವತ್ತೊಂದು ಚಟಾಕಿನವರೆಗೆ ಯಾವ ಪ್ರಮಾಣ ಕೇಳಿದರೂ ಒಂದೊಂದು ಅಳತೆಯನ್ನು ಹೆಚ್ಚೆಂದರೆ ಒಂದು ಸಲ ತುಂಬಿ ಅಳೆದುಕೊಡಬಹುದಿತ್ತು. ಸಂತೆಯಲ್ಲಿ ಕಡಲೆಕಾಯಿ ಅಳೆಯುತ್ತಿದ್ದ ಅಜ್ಜಿ ಬೈನರಿಯಲ್ಲಿ ವ್ಯಾಪಾರ ಮಾಡುತ್ತಿದ್ದಳು. ಅವಳಿಗೆ ಅದರ ಹೆಸರು ಗೊತ್ತಿರಲಿಲ್ಲ, ಮೋಸ ಹೋಗದೆ ಇರುವುದು ಗೊತ್ತಿತ್ತು.

ಹೆಜ್ಜೆ ಹೆಜ್ಜೆಯಾಗಿ ಯೋಚಿಸುವ ಕ್ರಮವೂ ನಮ್ಮ ಶಾಲೆಗೆ ಹೊಸದಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು ಕಟ್ಟಿದ ‘ನಲಿ-ಕಲಿ’ಯಲ್ಲಿ ಕಲಿಕೆಗೆ ಒಂದು ಏಣಿ ಇತ್ತು. ಪ್ರತಿ ಚಟುವಟಿಕೆಗೊಂದು ಚಿತ್ರದ ಗುರುತು. ಮಗು ತಾನೇ ಏಣಿ ನೋಡಿ, ಎಲ್ಲಿಗೆ ಬಂದಿದ್ದೇನೆಂದು ಕಂಡುಕೊಂಡು, ಮುಂದಿನ ಕಾರ್ಡು ತಾನೇ ಎತ್ತಿಕೊಂಡು, ಯಾವ ಗುಂಪಿನಲ್ಲಿ ಕೂರಬೇಕೋ ಅಲ್ಲಿಗೆ ನಡೆಯುತ್ತಿತ್ತು. ಬಾರದಿದ್ದರೆ ಹಿಂದಿನ ಮೆಟ್ಟಿಲು, ಬಂದರೆ ಮುಂದಿನದು. ದೊಡ್ಡವರು ಈಗ ಫ್ಲೋಚಾರ್ಟ್, ಲೂಪ್, ಕಂಡಿಷನ್ ಎಂದು ದುಡ್ಡು ಕೊಟ್ಟು ಕಲಿಸುತ್ತಿರುವುದನ್ನು ಒಂದನೇ ತರಗತಿಯ ಮಗು ಚಾಪೆಯ ಮೇಲೆ ಕೂತು ಮಾಡುತ್ತಿತ್ತು. ಕೀಬೋರ್ಡಿಗೆ ಬಂದರೂ ಹಾಗೆಯೇ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಕನ್ನಡದ ಕಾಗುಣಿತದ ತರ್ಕವೇ ಅಡಗಿದೆ. ವ್ಯಂಜನ ಒತ್ತಿ, ಸ್ವರ ಸೇರಿಸಿದರೆ ಕಾಗುಣಿತ. ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಿದರೆ ‘ಕ’ ಹೋಗಿ ‘ಖ’. ಮೂರನೇ ತರಗತಿಯ ಮಗುವಿಗೆ ಇದನ್ನು ಒಂದು ಮಧ್ಯಾಹ್ನ ಬಿಟ್ಟುಕೊಟ್ಟರೆ ತನ್ನ ಹೆಸರು ತಾನೇ ಮೂಡಿಸಿಕೊಳ್ಳುತ್ತದೆ. ಲಕ್ಷ್ಮಿಗೆ ಆಗ ‘ಎಕ್ಸ್’ ಬೇಕೋ ‘ಕೆ, ಎಸ್, ಎಚ್’ ಬೇಕೋ ಎಂಬ ಜಗಳವೂ ಇಲ್ಲ.

ಈ ದಾರಿಗೆ ಒಂದೇ ಒಂದು ದೊಡ್ಡ ದೋಷವಿದೆ. ಖರ್ಚಿಲ್ಲ. ಖರ್ಚಿಲ್ಲದ್ದಕ್ಕೆ ಟೆಂಡರ್ ಇಲ್ಲ, ಟೆಂಡರ್ ಇಲ್ಲದ್ದಕ್ಕೆ ಪೆಟ್ಟಿಗೆ ಇಲ್ಲ, ಪೆಟ್ಟಿಗೆ ಇಲ್ಲದ್ದಕ್ಕೆ ಟೇಪು ಇಲ್ಲ. ರಟ್ಟಿನ ಚೀಟಿಯನ್ನು ಹಿಡಿದು ಯಾವ ಮಂತ್ರಿ ಫೋಟೋ ತೆಗೆಸಿಕೊಂಡಾರು? ದಾಸ್ತಾನು ವಹಿಯಲ್ಲಿ ‘ಚೀಟಿ, ಐದು’ ಎಂದು ಬರೆದರೆ ಆಡಿಟ್ ಪಾರ್ಟಿ ಶಾಲೆಯವರೆಗೆ ಬಂದದ್ದಕ್ಕೆ ಬೆಲೆಯೇನು? ಹಾಗಾಗಿ ಮೂರನೇ ತರಗತಿಗೆ ಎಐ ಬಂದೇ ಬರುತ್ತದೆ. ನಡೆಯುವುದನ್ನು ಈಗಲೇ ಹೇಳಿಬಿಡಬಹುದು. ಎಐ ಸಪ್ತಾಹ ಆಚರಿಸಲು ಸುತ್ತೋಲೆ ಬರುತ್ತದೆ. ಮಕ್ಕಳು ರೋಬೋ ಚಿತ್ರ ಬರೆದು ಬಣ್ಣ ತುಂಬುತ್ತಾರೆ. ‘ಎಐ ವರವೋ ಶಾಪವೋ’ ಎಂದು ಪ್ರಬಂಧ ಸ್ಪರ್ಧೆ ನಡೆಯುತ್ತದೆ. ಸಪ್ತಾಹದ ವರದಿಯನ್ನು ಎರಡು ಪುಟಕ್ಕೆ ಮೀರದಂತೆ ಸಂಜೆಯೊಳಗೆ ಕಳಿಸಬೇಕಾದ್ದರಿಂದ ಹೆಡ್‌ಮೇಡಂ ಅದನ್ನು ಚಾಟ್‌ಜಿಪಿಟಿಯಿಂದ ಬರೆಸುತ್ತಾರೆ. ತಾಲ್ಲೂಕಿನ ಎಲ್ಲ ಶಾಲೆಗಳ ವರದಿಗಳನ್ನು ಕ್ರೋಡೀಕರಿಸಬೇಕಾದ ಅಧಿಕಾರಿ ಅವುಗಳ ಸಾರವನ್ನೂ ಅದರಿಂದಲೇ ತೆಗೆಸುತ್ತಾರೆ. ಎಐ ಬರೆದದ್ದನ್ನು ಎಐ ಓದಿ, ಎಐ ಶಿಕ್ಷಣ ಯಶಸ್ವಿಯಾಗಿದೆ ಎಂದು ಪ್ರಮಾಣೀಕರಿಸುತ್ತದೆ. ಯೋಜನೆಯೊಂದು ಮನುಷ್ಯರ ಅಡಚಣೆಯಿಲ್ಲದೆ ಸಂಪೂರ್ಣ ಜಾರಿಗೆ ಬರುವುದು ಇದೇ ಮೊದಲ ಸಲ ಆಗಬಹುದು.

ನಡುವೆ ಯಾವಾಗಲೋ ಒಬ್ಬ ಹುಡುಗಿ, ಮಿಸ್ ಫೋನು ಕೈಗೆ ಕೊಟ್ಟಾಗ, ಅಪ್ಪನಿಗೆ ಕರೆ ಮಾಡುವ ಮೊದಲು ತಲೆಯೆತ್ತಿ ಕೇಳಿಬಿಡಬಹುದು: “ನಮ್ಮಪ್ಪನ ನಂಬರು ಅವರಿಗ್ಯಾಕೆ ಮಿಸ್? ತಗೊಂಡು ಏನ್ ಮಾಡ್ತಾರೆ?” ಅಷ್ಟು ಕೇಳಲು ಬಂದ ಮಗುವಿಗೆ ಪ್ರಾಥಮಿಕ ಶಾಲೆಯಲ್ಲಿ ಕಂಪ್ಯೂಟರ್ ಬಗ್ಗೆ ಕಲಿಯಲು ಉಳಿದಿರುವುದು ಅಲ್ಪಸ್ವಲ್ಪ. ಇಲಾಖೆ ಮಾತ್ರ ಈ ಪ್ರಸಂಗವನ್ನು ಗಂಭೀರವಾಗಿ ಪರಿಗಣಿಸಬೇಕು. ಅಂಥ ಮಕ್ಕಳು ಒಂದೊಂದು ಶಾಲೆಗೆ ಹತ್ತು ಮಂದಿ ಆಗಿಬಿಟ್ಟರೆ, ಅವರಿಗೆ ಉತ್ತರ ಕೊಡುವ ತರಬೇತಿಯನ್ನು ಅಧಿಕಾರಿಗಳಿಗೆ ಯಾವ ಪೋರ್ಟಲ್ಲಿನಲ್ಲಿ ಕೊಡಿಸುತ್ತಾರೆ?